ಒಣಗಿದ ಸೊಪ್ಪಿನಲ್ಲಿ ಉಳಿಯುವುದೇನು?

ಸೊಪ್ಪು ಒಣಗಿಸುವುದನ್ನು ಕಲಿಯಲು ಯಾರಿಗೂ ಉಪನ್ಯಾಸ ಬೇಕಾಗಿಲ್ಲ. ಕಿತ್ತು ಹರಡಿಬಿಟ್ಟರೆ ಅದು ತಾನಾಗಿಯೇ ಒಣಗುತ್ತದೆ, ಒಣಗಿದ್ದು ಕೆಲವು ತಿಂಗಳು ಕೆಡದೆ ಇರುತ್ತದೆ, ಬೇಕೆಂದಾಗ ನೀರಿಗೆ ಹಾಕಿ ಬೇಯಿಸಿದರೆ ಅಡುಗೆಗೆ ಒದಗುತ್ತದೆ. ಇಂದಿನ ನನ್ನ ಉಪನ್ಯಾಸದ ವಿಷಯ ಅದಕ್ಕಿಂತ ಸ್ವಲ್ಪ ಕಿರಿದು: ಒಣಗಿಸಿದ ಸೊಪ್ಪಿನೊಳಗೆ ಇದೆಯೆಂದು ನಾವು ನಂಬಿರುವ ಪೋಷಕಾಂಶಗಳು ಆರು ತಿಂಗಳ ಅನಂತರ ಉಣ್ಣುವವರ ತಟ್ಟೆಗೆ ಬರುವ ಹೊತ್ತಿಗೆ ಎಷ್ಟು ಉಳಿದಿರುತ್ತವೆ, ಮತ್ತು ಹೆಚ್ಚು ಉಳಿಯಬೇಕಾದರೆ ಎಲ್ಲಿ ಕೈ ಹಾಕಬೇಕು? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಣಗಿಸುವಾಗ ಆಗುವ ನಷ್ಟದ ಬಗ್ಗೆ ನಾವು ಬೇಕಾದಷ್ಟು ಚಿಂತಿಸುತ್ತೇವೆ. ಒಣಗಿಸುವುದಕ್ಕೆ ಮುಂಚಿನ ಕೆಲವು ಗಂಟೆಗಳಲ್ಲಿ ಮತ್ತು ಒಣಗಿದ ಮೇಲಿನ ಹಲವು ತಿಂಗಳುಗಳಲ್ಲಿ ಆಗುವ ನಷ್ಟವನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸಾಂಪ್ರದಾಯಿಕ ಸೊಪ್ಪು ಎಂದಾಗ ನಾನು ದಂಟು, ಹರಿವೆ, ನುಗ್ಗೆ, ಅಲಸಂದೆಯ ಎಳೆಯ ಎಲೆ, ಪುಂಡಿ, ಗಣಿಕೆ, ಕೆಸು, ಬಸಳೆ ಮೊದಲಾದವುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಇವುಗಳಲ್ಲಿ ಕೆಲವನ್ನು ಬಿತ್ತಿ ಬೆಳೆಯುತ್ತಾರೆ, ಕೆಲವು ಹೊಲದ ಬದುವಿನಲ್ಲಿ ತಾವೇ ಹುಟ್ಟುತ್ತವೆ. ಮಳೆ ಬಂದಾಗ ಒಮ್ಮೆಲೇ ಹೇರಳವಾಗಿ ಸಿಕ್ಕಿ, ಮುಂದಿನ ಕೆಲವೇ ವಾರಗಳಲ್ಲಿ ಬಲಿತು ನಾರಾಗಿ ಮುಗಿದುಹೋಗುವುದು ಇವುಗಳ ಸಾಮಾನ್ಯ ಸ್ವಭಾವ. ಒಣಗುವ ವಿಷಯದಲ್ಲಿ ಮಾತ್ರ ಎಲ್ಲವೂ ಒಂದೇ ಬಗೆಯವಲ್ಲ. ನುಗ್ಗೆಯ ಎಲೆ ತೆಳುವಾಗಿ ಚಿಕ್ಕದಾಗಿರುವುದರಿಂದ ಗಾಳಿಯಾಡುವ ನೆರಳಿನಲ್ಲಿಯೇ ಬೇಗ ಗರಿಗರಿಯಾಗುತ್ತದೆ. ಬಸಳೆ ಲೋಳೆಯ ಎಲೆಯಾದ್ದರಿಂದ ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕೆಸುವಿನ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಒಣಗಿಸಿದ ಮಾತ್ರಕ್ಕೆ ಮಾಯವಾಗುವುದಿಲ್ಲವಾದ್ದರಿಂದ ಒಣಗಿದ ಕೆಸುವೂ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ.

ಪೋಷಕಾಂಶದ ಮಾತಿಗೆ ಬರುವ ಮುನ್ನ ಲೆಕ್ಕದ ಒಂದು ಗೊಂದಲವನ್ನು ಬಿಡಿಸಬೇಕು. ಹಸಿ ಸೊಪ್ಪಿನ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 80ರಿಂದ 90 ಭಾಗ ನೀರೇ ಇರುತ್ತದೆ. ನೂರಕ್ಕೆ 88 ಭಾಗ ನೀರಿರುವ 10 ಕಿಲೋ ಸೊಪ್ಪನ್ನು ತೆಗೆದುಕೊಂಡರೆ ಅದರಲ್ಲಿ ನೀರು ಬಿಟ್ಟು ಉಳಿದ ಘನಪದಾರ್ಥ 1.2 ಕಿಲೋ ಮಾತ್ರ. ಅದನ್ನು ನೂರಕ್ಕೆ 6 ಭಾಗ ತೇವ ಉಳಿಯುವವರೆಗೆ ಒಣಗಿಸಿದರೆ ಕೈಗೆ ಬರುವುದು ಸುಮಾರು 1.28 ಕಿಲೋ. ಅಂದರೆ 8.7 ಕಿಲೋದಷ್ಟು ನೀರು ಹೋಗಿದೆ, ಮತ್ತು ಉಳಿದದ್ದರಲ್ಲಿ ಪ್ರತಿಯೊಂದು ಖನಿಜಾಂಶವೂ ತೂಕದ ಲೆಕ್ಕದಲ್ಲಿ ಸುಮಾರು ಎಂಟು ಪಟ್ಟು ಸಾಂದ್ರವಾಗಿದೆ. ಹಸಿ ಹರಿವೆಯ 100 ಗ್ರಾಮಿನಲ್ಲಿ ಸುಮಾರು 200 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದಾದರೆ ಒಣ ಹರಿವೆಯ 100 ಗ್ರಾಮಿನಲ್ಲಿ ಅದು 1,600 ಮಿಲಿಗ್ರಾಂ ಆಸುಪಾಸಿಗೆ ಏರುತ್ತದೆ. ಹಾಲಿನ 100 ಗ್ರಾಮಿನಲ್ಲಿರುವ ಕ್ಯಾಲ್ಸಿಯಂ ಸುಮಾರು 120 ಮಿಲಿಗ್ರಾಂ. ಆದ್ದರಿಂದ ‘ಹಾಲಿಗಿಂತ ಹದಿಮೂರು ಪಟ್ಟು ಕ್ಯಾಲ್ಸಿಯಂ’ ಎಂದು ಒಣ ಸೊಪ್ಪಿನ ಪೊಟ್ಟಣದ ಮೇಲೆ ಅಚ್ಚು ಹಾಕಬಹುದು, ಅದು ಸುಳ್ಳೂ ಆಗುವುದಿಲ್ಲ. ಆದರೆ ಹೋಲಿಸಿರುವುದು ಒಣಗಿಸಿದ ಎಲೆಯನ್ನು, ಒಣಗಿಸದ ಹಾಲಿನೊಂದಿಗೆ. ಹಾಲಿನ ಪುಡಿಯ ಪಕ್ಕದಲ್ಲಿ ಇಟ್ಟ ಕೂಡಲೇ ಈ ಹದಿಮೂರು ಪಟ್ಟು ಕರಗಿ ಎರಡು ಪಟ್ಟಿನ ಒಳಗೆ ಬರುತ್ತದೆ. ಇನ್ನು, 100 ಗ್ರಾಂ ಸೊಪ್ಪಿನ ಪುಡಿಯನ್ನು ಯಾರೂ ಒಂದು ದಿನಕ್ಕೆ ತಿನ್ನುವುದಿಲ್ಲ. ಒಂದು ಚಮಚೆಯಲ್ಲಿ ಹಿಡಿಯುವುದು ಹೆಚ್ಚೆಂದರೆ ಐದು ಗ್ರಾಂ.

ಒಣಗಿಸುವುದರಿಂದ ಪೋಷಕಾಂಶ ಹುಟ್ಟುವುದಿಲ್ಲ ಎಂಬ ಈ ಸರಳ ಸಂಗತಿಯನ್ನು ಒತ್ತಿ ಹೇಳಲು ಕಾರಣವಿದೆ. ನಷ್ಟವನ್ನು ಅಳೆಯಬೇಕಾದರೆ ಹಸಿ ಎಲೆ ಮತ್ತು ಒಣ ಎಲೆ ಎರಡನ್ನೂ ನೀರು ಕಳೆದ ತೂಕದ ಮೇಲೆಯೇ ಹೋಲಿಸಬೇಕು. ಹಾಗೆ ಹೋಲಿಸದೆ ನೋಡಿದರೆ ದೇಹದಲ್ಲಿ ವಿಟಮಿನ್ ಎ ಆಗುವ ಕ್ಯಾರೋಟಿನ್ ಎಂಬ ವಸ್ತುವಿನ ಮುಕ್ಕಾಲು ಪಾಲನ್ನು ಕಳೆದುಕೊಂಡಿರುವ ಎಲೆಯಲ್ಲಿಯೂ 100 ಗ್ರಾಮಿನ ಲೆಕ್ಕದಲ್ಲಿ ಹಸಿ ಎಲೆಗಿಂತ ಎರಡು ಪಟ್ಟು ಹೆಚ್ಚು ಕ್ಯಾರೋಟಿನ್ ಕಾಣುತ್ತದೆ, ಮತ್ತು ನಾವು ನಷ್ಟವನ್ನೇ ಲಾಭವೆಂದು ಓದುತ್ತೇವೆ.

ಖನಿಜಾಂಶಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಕಬ್ಬಿಣ, ಕ್ಯಾಲ್ಸಿಯಂ, ಸತು ಇವು ಬಿಸಿಲಿಗೂ ಗಾಳಿಗೂ ನಾಶವಾಗುವಂಥವಲ್ಲ. ತೊಳೆದ ನೀರಿನಲ್ಲಿ, ಬೇಯಿಸಿ ಚೆಲ್ಲಿದ ನೀರಿನಲ್ಲಿ ಹೋದಷ್ಟೇ ಹೋಗುತ್ತವೆ. ಪ್ರೋಟೀನು ಮತ್ತು ನಾರಿನ ಅಂಶವೂ ಬಹುಮಟ್ಟಿಗೆ ಉಳಿಯುತ್ತವೆ. ಒಂದೇ ಎಚ್ಚರಿಕೆ ಎಂದರೆ, ಒಣ ಸೊಪ್ಪಿನಲ್ಲಿ ಕಬ್ಬಿಣದ ಪ್ರಮಾಣ ಆಶ್ಚರ್ಯಪಡುವಷ್ಟು ಹೆಚ್ಚಾಗಿ ಕಂಡುಬಂದರೆ ಅದರಲ್ಲಿ ಮಣ್ಣಿನ ಪಾಲೆಷ್ಟು ಎಂದು ಮೊದಲು ಕೇಳಬೇಕು. ಬಯಲಿನಲ್ಲಿ ಒಣಗಿಸಿದ ಎಲೆಯ ಮೇಲೆ ಕೂರುವ ಧೂಳಿನಲ್ಲಿ ಕಬ್ಬಿಣ ಧಾರಾಳವಾಗಿರುತ್ತದೆ. ಪ್ರಯೋಗಾಲಯದ ಉಪಕರಣಕ್ಕೆ ಎಲೆಯ ಕಬ್ಬಿಣವೂ ಧೂಳಿನ ಕಬ್ಬಿಣವೂ ಒಂದೇ, ದೇಹಕ್ಕೆ ಒಂದೇ ಅಲ್ಲ.

ವಿಟಮಿನ್ ಸಿ ಇದಕ್ಕೆ ತದ್ವಿರುದ್ಧ. ಅದು ನೀರಿನಲ್ಲಿ ಕರಗುತ್ತದೆ, ಶಾಖಕ್ಕೆ ಮತ್ತು ಗಾಳಿಗೆ ಕೆಡುತ್ತದೆ, ತಾಮ್ರದ ಕಣಗಳು ತಗುಲಿದರೆ ಇನ್ನೂ ಬೇಗ ಕೆಡುತ್ತದೆ, ಜೊತೆಗೆ ಅದನ್ನು ಹಾಳುಮಾಡುವ ಕಿಣ್ವವೂ ಅದೇ ಎಲೆಯೊಳಗೆ ಇರುತ್ತದೆ. ಜೀವಂತ ಎಲೆಯಲ್ಲಿ ಇವೆರಡೂ ಬೇರೆ ಬೇರೆ ಕಡೆ ಇರುವುದರಿಂದ ತೊಂದರೆಯಿಲ್ಲ. ಎಲೆ ಬಾಡಿ, ಜಜ್ಜಿ, ಕೋಶಗಳ ಗೋಡೆಗಳು ಸಡಿಲವಾದಾಗ ಎರಡೂ ಎದುರಾಗುತ್ತವೆ. ಆದ್ದರಿಂದ ಬಿಸಿಲಿನಲ್ಲಿ ನಿಧಾನವಾಗಿ ಒಣಗಿದ ಸೊಪ್ಪಿನಲ್ಲಿ ವಿಟಮಿನ್ ಸಿಯ ಬಹುಪಾಲು ಹೋಗಿರುತ್ತದೆ ಎಂದೇ ತಿಳಿದುಕೊಳ್ಳುವುದು ಒಳ್ಳೆಯದು. ಇದನ್ನು ಉಳಿಸಲು ಹೆಣಗಾಡುವುದಕ್ಕಿಂತ ಉಣ್ಣುವಾಗ ನಿಂಬೆರಸ ಹಿಂಡಿಕೊಳ್ಳುವುದು ಸುಲಭವೆಂಬುದು ನನ್ನ ಅನಿಸಿಕೆ. ಆ ನಿಂಬೆರಸ ಸೊಪ್ಪಿನಲ್ಲಿರುವ ಕಬ್ಬಿಣ ದೇಹಕ್ಕೆ ಹತ್ತುವುದಕ್ಕೂ ನೆರವಾಗುತ್ತದೆ. ಬಿ ಗುಂಪಿನ ವಿಟಮಿನ್ ಆದ ಫೋಲೇಟ್ ಕೂಡ ಹೆಚ್ಚು ಕಡಿಮೆ ಇದೇ ದಾರಿ ಹಿಡಿಯುತ್ತದೆ. ಅದೇ ಗುಂಪಿನ ರಿಬೋಫ್ಲೇವಿನ್ ಶಾಖವನ್ನು ತಾಳಿಕೊಳ್ಳುತ್ತದೆ, ಬೆಳಕನ್ನು ತಾಳುವುದಿಲ್ಲ.

ಉಳಿಸಿಕೊಳ್ಳಲು ಯೋಗ್ಯವಾದದ್ದು ಮತ್ತು ಶ್ರಮಪಟ್ಟರೆ ಉಳಿಯುವಂಥದ್ದು ಬೀಟಾ ಕ್ಯಾರೋಟಿನ್. ಗಾಢ ಹಸಿರು ಎಲೆಗಳಲ್ಲಿ ಕಿತ್ತಳೆ ಬಣ್ಣದ ಈ ವಸ್ತು ಹಸಿರಿನ ಹಿಂದೆ ಮರೆಯಾಗಿ ಇರುತ್ತದೆ. ಇದರ ಅಣುವಿನ ರಚನೆಯನ್ನು ರಸಾಯನವಿಜ್ಞಾನಿ ಪಾಲ್ ಕಾರರ್ ತೋರಿಸಿಕೊಟ್ಟದ್ದು, ದೇಹ ಇದನ್ನು ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆಂದು ಇಲಿಗಳ ಮೇಲಿನ ಪ್ರಯೋಗದಿಂದ ಥಾಮಸ್ ಮೂರ್ ಸಾಬೀತುಪಡಿಸಿದ್ದು, ಎರಡೂ 1930ರ ಸಂಗತಿಗಳು. 40 ಕಾರ್ಬನ್ ಪರಮಾಣುಗಳ ಉದ್ದನೆಯ ಸರಪಳಿಯಲ್ಲಿ ಒಂದು ಬಿಟ್ಟು ಒಂದರಂತೆ 11 ಜೋಡಿಬಂಧಗಳು ಇರುವುದರಿಂದಲೇ ಅದಕ್ಕೆ ಆ ಬಣ್ಣ, ಅದರಿಂದಲೇ ಅದಕ್ಕೆ ಆಮ್ಲಜನಕದ ಕಾಟ. ಶಾಖದಿಂದ ಸರಪಳಿಯ ಆಕಾರ ಸ್ವಲ್ಪ ಬಾಗಬಹುದು, ಅದರಿಂದ ವಿಟಮಿನ್ ಎ ಆಗುವ ಶಕ್ತಿಯೂ ಸ್ವಲ್ಪ ಕುಗ್ಗಬಹುದು. ಆದರೆ ಅದನ್ನು ನಿಜವಾಗಿ ಕಡಿದುಹಾಕುವುದು ಆಮ್ಲಜನಕ ಮತ್ತು ಬೆಳಕು. ಮಿತವಾದ ಶಾಖವನ್ನು ಕಂಡು ಹೆದರುವ ಅನೇಕರು ಬೆಳಕಿಗೆ ಹೆದರದಿರುವುದು ನನಗೆ ಯಾವಾಗಲೂ ವಿಚಿತ್ರವಾಗಿ ಕಂಡಿದೆ.

ಈಗ ಕೊಯ್ಲಿನ ಗಳಿಗೆಗೆ ಬರೋಣ. ಕಿತ್ತ ಎಲೆ ಸತ್ತಿರುವುದಿಲ್ಲ, ಅದು ಉಸಿರಾಡುತ್ತಲೇ ಇರುತ್ತದೆ. ಗೋಣಿಚೀಲದಲ್ಲಿ ಒತ್ತಿ ತುಂಬಿದ ಸೊಪ್ಪಿನ ನಡುವೆ ಎರಡು ಮೂರು ಗಂಟೆಗಳ ಅನಂತರ ಕೈ ತೂರಿಸಿದರೆ ಬೆಚ್ಚಗಿರುವುದು ಗೊತ್ತಾಗುತ್ತದೆ. ಆ ಬಿಸಿ ಉಸಿರಾಟದ ಬಿಸಿ, ಎಲೆ ತನ್ನ ಸಕ್ಕರೆಯನ್ನು ತಾನೇ ಸುಟ್ಟುಕೊಳ್ಳುತ್ತಿರುವುದರ ಗುರುತು. ಮಧ್ಯದ ಎಲೆಗಳು ಹಳದಿಗೆ ತಿರುಗಿ ಜೋಲುವ ಹೊತ್ತಿಗೆ ನಾವು ಯಾವ ಯಂತ್ರದಿಂದಲೂ ಮರಳಿ ತರಲಾಗದಷ್ಟು ಕಳೆದುಕೊಂಡಿರುತ್ತೇವೆ. ಆದ್ದರಿಂದ ತಂಪು ಹೊತ್ತಿನಲ್ಲಿ ಕೊಯ್ದು, ಬುಟ್ಟಿಯಲ್ಲಿ ಸಡಿಲವಾಗಿ ಹರಡಿ, ನೆರಳಿನಲ್ಲಿಟ್ಟು, ಸಾಧ್ಯವಾದರೆ ಕೆಲವೇ ಗಂಟೆಗಳೊಳಗೆ ಮುಂದಿನ ಕೆಲಸಕ್ಕೆ ತೊಡಗಬೇಕು. ಒಣಗಿಸಲು ಎಷ್ಟು ಜಾಗವಿದೆಯೋ ಅಷ್ಟನ್ನೇ ಕೊಯ್ಯಬೇಕೆಂಬ ನಿಯಮ ಹೇಳುವುದಕ್ಕೆ ಸುಲಭ, ಪಾಲಿಸುವವರು ವಿರಳ. ತೊಳೆಯುವುದು ಎಲೆ ಇಡಿಯಾಗಿರುವಾಗ, ಹೆಚ್ಚುವುದು ತೊಳೆದ ಮೇಲೆ. ಹೆಚ್ಚಿದ ಸೊಪ್ಪನ್ನು ನೀರಿನಲ್ಲಿ ನೆನೆಹಾಕಿದರೆ ನೀರಿನಲ್ಲಿ ಕರಗುವುದೆಲ್ಲ ಕತ್ತರಿಸಿದ ಅಂಚಿನಿಂದ ಹೊರಗೆ ಹೋಗುತ್ತದೆ.

ತೊಳೆದ ಮೇಲೆ ಸೊಪ್ಪನ್ನು ಹಾಗೆಯೇ ಒಣಗಿಸಬೇಕೇ ಅಥವಾ ಬಿಸಿ ಮುಟ್ಟಿಸಿ ಒಣಗಿಸಬೇಕೇ ಎಂಬುದು ಅತ್ಯಂತ ಹೆಚ್ಚು ಚರ್ಚೆಯಾಗುವ ಪ್ರಶ್ನೆ. ಬ್ಲಾಂಚಿಂಗ್ ಎಂದು ಕರೆಯುವ ಈ ಕ್ರಮದಲ್ಲಿ ಸೊಪ್ಪನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯುತ್ತಾರೆ, ಇಲ್ಲವೇ ಎರಡು ಮೂರು ನಿಮಿಷ ಹಬೆಯಲ್ಲಿ ಇಡುತ್ತಾರೆ. ಉದ್ದೇಶ ಬೇಯಿಸುವುದಲ್ಲ, ಕಿಣ್ವಗಳ ಕೆಲಸವನ್ನು ನಿಲ್ಲಿಸುವುದು. ಇಲ್ಲಿ ಮುಖ್ಯ ಅಪರಾಧಿ ಲಿಪಾಕ್ಸಿಜನೇಸ್ ಎಂಬ ಕಿಣ್ವ. ಹಸಿರೆಲೆಯ ಪೊರೆಗಳಲ್ಲಿ ಲಿನೋಲೆನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಹೇರಳವಾಗಿದೆ. ಎಲೆ ಬಾಡುತ್ತಿದ್ದಂತೆ ಈ ಕಿಣ್ವ ಅದನ್ನು ಆಕ್ಸಿಡೀಕರಿಸುತ್ತದೆ, ಆ ಕ್ರಿಯೆಯಲ್ಲಿ ಹುಟ್ಟುವ ಚುರುಕಾದ ಕಣಗಳು ಪಕ್ಕದಲ್ಲಿರುವ ಕ್ಯಾರೋಟಿನ್ನನ್ನೂ ಎಳೆದುಕೊಂಡು ಹೋಗುತ್ತವೆ. ಕಿಣ್ವ ಒಣಗಿದ ಮಾತ್ರಕ್ಕೆ ಸಾಯುವುದಿಲ್ಲ. ತೇವ ಕಡಿಮೆಯಾದಾಗ ಸುಮ್ಮನಾಗಿರುತ್ತದೆ, ಡಬ್ಬಿಯೊಳಗೆ ತೇವ ಏರಿದಾಗ ಮತ್ತೆ ಎಚ್ಚರಗೊಳ್ಳುತ್ತದೆ. ಬ್ಲಾಂಚ್ ಮಾಡಿದ ಸೊಪ್ಪಿನಲ್ಲಿ ಕ್ಯಾರೋಟಿನ್ ಒಣಗುವಾಗಲೂ ಸಂಗ್ರಹದಲ್ಲೂ ಹೆಚ್ಚು ಉಳಿಯುವುದಕ್ಕೆ ಇದೇ ಕಾರಣ.

ಬೆಲೆಯೂ ಇದೆ. ಕುದಿನೀರಿಗೆ ಅದ್ದಿದಾಗ ವಿಟಮಿನ್ ಸಿ, ಫೋಲೇಟ್, ಪೊಟ್ಯಾಸಿಯಂ ಒಂದಷ್ಟು ನೀರಿಗೆ ಇಳಿಯುತ್ತವೆ. ಹಬೆಯಲ್ಲಿ ಈ ನಷ್ಟ ಕಡಿಮೆ. ಅದೇ ನೀರಿಗೆ ಹರಿವೆಯಂಥ ಸೊಪ್ಪಿನಲ್ಲಿರುವ, ಕ್ಯಾಲ್ಸಿಯಂ ದೇಹಕ್ಕೆ ಹತ್ತದಂತೆ ಹಿಡಿದಿಡುವ ಕರಗುವ ಆಕ್ಸಲೇಟ್ ಮತ್ತು ಅದರ ಜೊತೆ ನೈಟ್ರೇಟ್ ಕೂಡ ಇಳಿಯುತ್ತವೆ ಎಂಬುದನ್ನು ಮರೆಯಬಾರದು. ಕರಗುವ ಆಕ್ಸಲೇಟ್ ಹೆಚ್ಚಿರುವ ಸೊಪ್ಪಿಗೆ ಕುದಿನೀರು, ಕಡಿಮೆ ಇರುವ ನುಗ್ಗೆಯಂಥದಕ್ಕೆ ಹಬೆ ಎಂದು ವಿಂಗಡಿಸಿಕೊಂಡರೆ ಎರಡೂ ಕಡೆ ನ್ಯಾಯವಾಗುತ್ತದೆ. ಹಬೆಯ ಪಾತ್ರೆಯಲ್ಲಿ ಸೊಪ್ಪನ್ನು ನಾಲ್ಕೈದು ಸೆಂಟಿಮೀಟರಿಗಿಂತ ದಪ್ಪವಾಗಿ ತುಂಬಬಾರದು, ತುಂಬಿದರೆ ಹೊರಗಿನ ಎಲೆ ಬೇಯುತ್ತದೆ, ನಡುವಿನದು ಹಸಿಯಾಗಿಯೇ ಉಳಿದು ಬರೀ ಉಗುರುಬೆಚ್ಚಗಾಗುತ್ತದೆ. ಕಿಣ್ವಗಳಿಗೆ ಅದಕ್ಕಿಂತ ಹಿತವಾದ ಸ್ಥಿತಿ ಇನ್ನೊಂದಿಲ್ಲ. ಅರ್ಧಂಬರ್ಧ ಬ್ಲಾಂಚಿಂಗ್ ಮಾಡುವುದಕ್ಕಿಂತ ಮಾಡದಿರುವುದೇ ವಾಸಿ. ಸಾಕಾಯಿತೇ ಎಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಪೆರಾಕ್ಸಿಡೇಸ್ ಎಂಬ, ಶಾಖವನ್ನು ಬಹಳ ಹೊತ್ತು ತಾಳಿಕೊಳ್ಳುವ ಕಿಣ್ವವನ್ನು ಪರೀಕ್ಷಿಸುತ್ತಾರೆ: ಎಲೆಯ ತುಣುಕಿನ ಮೇಲೆ ಗ್ವಾಯಕಾಲ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದಾಗ ಕಂದು ಬಣ್ಣ ಮೂಡಿದರೆ ಕಿಣ್ವ ಇನ್ನೂ ಬದುಕಿದೆ ಎಂದರ್ಥ. ಮನೆಯಲ್ಲಿ ನೋಡಬೇಕಾದ ಗುರುತು ಇಷ್ಟೇ: ಎಲ್ಲ ಎಲೆಗಳೂ ಒಂದೇ ಸಮನೆ ಗಾಢ ಹಸಿರಾಗಿ ಮೆತ್ತಗೆ ಜೋತುಬಿದ್ದಿರಬೇಕು.

ಹಸಿರು ಎದ್ದು ಕಾಣಲೆಂದು ಅಡುಗೆ ಸೋಡಾ ಹಾಕುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಎಲೆಯ ಹುಳಿ ಮತ್ತು ಶಾಖ ಸೇರಿ, ಎಲೆಗೆ ಹಸಿರು ಬಣ್ಣ ಕೊಡುವ ಹರಿತ್ತಿನ (ಕ್ಲೋರೊಫಿಲ್) ಅಣುವಿನ ನಡುವಿನ ಮೆಗ್ನೀಸಿಯಂ ಕಳಚಿದಾಗ ಸೊಪ್ಪು ಕಂದುಹಸಿರಿಗೆ ತಿರುಗುತ್ತದೆ. ಸೋಡಾ ಆ ಹುಳಿಯನ್ನು ಕೊಲ್ಲುವುದರಿಂದ ಬಣ್ಣ ಉಳಿಯುತ್ತದೆ, ಆದರೆ ಥಯಾಮಿನ್ (ವಿಟಮಿನ್ ಬಿ1) ಮತ್ತು ವಿಟಮಿನ್ ಸಿ ಹೋಗುತ್ತವೆ. ಬಣ್ಣಕ್ಕೆ ಬೆಲೆ ಕೊಟ್ಟು ಪೋಷಕಾಂಶವನ್ನು ಮಾರಿದಂತೆ. ಸಲ್ಫೈಟ್ ಎಂಬ ಸಂರಕ್ಷಕ ರಾಸಾಯನಿಕದ ದ್ರಾವಣದಲ್ಲಿ ಅದ್ದುವ ಕ್ರಮ ಕ್ಯಾರೋಟಿನ್ನನ್ನೂ ವಿಟಮಿನ್ ಸಿಯನ್ನೂ ನಿಜವಾಗಿಯೇ ಕಾಪಾಡುತ್ತದೆ; ಅದೂ ಥಯಾಮಿನ್ ನಾಶಕವೇ, ಮತ್ತು ಆಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ಉಸಿರಾಟದ ತೊಂದರೆ ಉಂಟುಮಾಡುತ್ತದೆ. ಮನೆ ಮಟ್ಟದಲ್ಲಿ ಇದರ ಅಗತ್ಯವಿಲ್ಲ.

ಇನ್ನು ಒಣಗಿಸುವ ಮಾತು. ನೇರ ಬಿಸಿಲಿನಲ್ಲಿ ಹರಡಿದ ಸೊಪ್ಪಿನ ಮೇಲೆ ಎರಡು ಬಗೆಯ ದಾಳಿ ನಡೆಯುತ್ತದೆ. ಸೂರ್ಯನ ಬೆಳಕು ಕ್ಯಾರೋಟಿನ್ನನ್ನು ನೇರವಾಗಿ ಕೆಡಿಸುವುದು ಒಂದು. ಇನ್ನೊಂದು ಹರಿತ್ತಿನ ಮೂಲಕ: ಬೆಳಕನ್ನು ಹಿಡಿಯುವುದೇ ಹರಿತ್ತಿನ ಕಸುಬು, ಜೀವಂತ ಎಲೆಯಲ್ಲಿ ಹಾಗೆ ಹಿಡಿದ ಶಕ್ತಿ ಆಹಾರ ತಯಾರಿಕೆಗೆ ಹೋಗುತ್ತದೆ, ಸಾಯುತ್ತಿರುವ ಎಲೆಯಲ್ಲಿ ಆ ಶಕ್ತಿಗೆ ಬೇರೆ ಕೆಲಸವಿಲ್ಲದೆ ಸುತ್ತಲಿನ ಆಮ್ಲಜನಕವನ್ನು ಕೆರಳಿಸಿ ಅತ್ಯಂತ ಚುರುಕಾದ ರೂಪಕ್ಕೆ ತರುತ್ತದೆ. ಬಿಸಿಲಿನಲ್ಲಿ ಒಂದೇ ದಿನಕ್ಕೆ ಸೊಪ್ಪು ಬೆಳ್ಳಗಾಗುವುದು ಹೀಗೆ. ನೆರಳಿನಲ್ಲಿ ಒಣಗಿಸಿದರೆ ಈ ತೊಂದರೆ ತಪ್ಪುತ್ತದೆ ನಿಜ, ಆದರೆ ನೆರಳನ್ನು ಸರ್ವರೋಗ ಪರಿಹಾರವೆಂದು ಹೇಳುವವರೊಂದಿಗೆ ನಾನು ಪೂರ್ತಿ ಸಹಮತನಲ್ಲ. ಒಣಹವೆಯಿದ್ದು ಗಾಳಿ ಬೀಸುತ್ತಿದ್ದರೆ ನೆರಳು ಉತ್ತಮ. ಸೊಪ್ಪು ಹೇರಳವಾಗಿ ಸಿಗುವುದು ಮಳೆಗಾಲದಲ್ಲಿ, ಆಗ ಹವೆಯಲ್ಲೇ ತೇವ ತುಂಬಿರುತ್ತದೆ, ನೆರಳಿನ ಸೊಪ್ಪು ಎರಡು ಮೂರು ದಿನ ಹಸಿಯೂ ಅಲ್ಲದ ಒಣಗಿಯೂ ಇಲ್ಲದ ಸ್ಥಿತಿಯಲ್ಲಿ ಕುಳಿತು, ಕಿಣ್ವಗಳಿಗೂ ಬೂಸ್ಟಿಗೂ ಆಹಾರವಾಗುತ್ತದೆ.

ಇದಕ್ಕೆ ಪರಿಹಾರ ಗಾಳಿಯನ್ನು ಬಿಸಿಮಾಡಿ ಸೊಪ್ಪಿನ ಮೂಲಕ ಹಾಯಿಸುವುದು, ಸೊಪ್ಪಿಗೆ ಮಾತ್ರ ಬೆಳಕು ತಾಗದಂತೆ ನೋಡಿಕೊಳ್ಳುವುದು. ಗಾಳಿಗೆ ನೀರು ಹೀರುವ ಶಕ್ತಿ ಬಿಸಿಯಿಂದ ಎಷ್ಟು ಹೆಚ್ಚುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಪೇಕ್ಷ ಆರ್ದ್ರತೆ ನೂರಕ್ಕೆ 80 ಇರುವ, ಅಂದರೆ ಬಟ್ಟೆಯೂ ಒಣಗಲು ಒಲ್ಲದ ಗಾಳಿಯನ್ನು 45 ಡಿಗ್ರಿಗೆ ಬಿಸಿಮಾಡಿದರೆ ಅದರ ಆರ್ದ್ರತೆ 35ರ ಆಸುಪಾಸಿಗೆ ಇಳಿಯುತ್ತದೆ. ಗಾಳಿಯಲ್ಲಿರುವ ನೀರು ಅಷ್ಟೇ, ಹಸಿವು ಮಾತ್ರ ಬದಲಾಗಿದೆ. ಸೌರ ಡ್ರೈಯರಿನ ತತ್ವವೆಲ್ಲ ಇಷ್ಟೇ: ಕಪ್ಪು ಬಳಿದ ತಟ್ಟೆಯ ಮೇಲೆ ಬಿಸಿಲು ಬೀಳುತ್ತದೆ, ಅದರ ಮೇಲೆ ಹಾಯುವ ಗಾಳಿ ಬಿಸಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗಿನ ಜಾಲರಿಗಳ ಮೂಲಕ ಮೇಲೇರಿ ಚಿಮಣಿಯಿಂದ ಹೊರಹೋಗುತ್ತದೆ. ಪೆಟ್ಟಿಗೆಯ ಮುಚ್ಚಳ ಪಾರದರ್ಶಕವಾಗಿದ್ದರೆ ಸೊಪ್ಪಿನ ಮೇಲೆ ಒಂದು ಕಪ್ಪು ಬಟ್ಟೆ ಅಥವಾ ತಗಡಿನ ಮರೆ ಇರಬೇಕು. ಜಾಲರಿಗೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಆಹಾರಕ್ಕೆ ಬಳಸಬಹುದಾದ ನೈಲಾನ್ ಆಗಬಹುದು. ತಾಮ್ರ ಬೇಡ, ತುಕ್ಕು ಹಿಡಿದ ಕಬ್ಬಿಣ ಬೇಡ, ಸತು ಲೇಪಿಸಿದ ತಂತಿಯೂ ಬೇಡ.

ಡ್ರೈಯರ್ ಕೊಂಡವರ ನಿರಾಶೆಗೆ ಸಾಮಾನ್ಯ ಕಾರಣ ಅದರ ಶಕ್ತಿಗೆ ಮೀರಿ ತುಂಬುವುದು. ಒಂದು ಕಿಲೋ ನೀರನ್ನು ಆವಿಮಾಡಲು ಸುಮಾರು 2.4 ಮೆಗಾಜೂಲ್ ಶಕ್ತಿ ಬೇಕು. ಸ್ವಚ್ಛ ಬಿಸಿಲಿನ ದಿನದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಸುಮಾರು 20 ಮೆಗಾಜೂಲ್ ಬೀಳುತ್ತದೆ, ಸರಳ ಡ್ರೈಯರ್ ಅದರ ಕಾಲು ಭಾಗವನ್ನು ಉಪಯೋಗಕ್ಕೆ ತಂದರೆ ಅದನ್ನು ಒಳ್ಳೆಯ ಡ್ರೈಯರ್ ಎನ್ನಬಹುದು. ಅಲ್ಲಿಗೆ ದಿನಕ್ಕೆ ಚದರ ಮೀಟರಿಗೆ ಹೋಗುವ ನೀರು ಎರಡು ಕಿಲೋ. ಮೊದಲು ಹೇಳಿದ 10 ಕಿಲೋ ಸೊಪ್ಪಿನ 8.7 ಕಿಲೋ ನೀರನ್ನು ಒಂದು ದಿನದಲ್ಲಿ ತೆಗೆಯಬೇಕಾದರೆ ನಾಲ್ಕು ಚದರ ಮೀಟರಿಗಿಂತ ಹೆಚ್ಚು ಬಿಸಿಲು ಹಿಡಿಯುವ ಮೇಲ್ಮೈ ಬೇಕು. ಮೋಡದ ದಿನ ಇದು ಇನ್ನೂ ಹೆಚ್ಚು. ಒಂದು ಚದರ ಮೀಟರಿನ ಪೆಟ್ಟಿಗೆಯಲ್ಲಿ ಹತ್ತು ಕಿಲೋ ತುರುಕಿದವರಿಗೆ ಸಂಜೆ ಸಿಗುವುದು ಹುಳಿವಾಸನೆಯ ಮುದ್ದೆ. ಬ್ಲಾಂಚ್ ಮಾಡಿದ ಎಲೆಗಳಂತೂ ಒಂದಕ್ಕೊಂದು ಅಂಟಿಕೊಂಡು ಹಾಳೆಯಂತಾಗುವುದರಿಂದ ಮೊದಲ ಎರಡು ಗಂಟೆಗಳಲ್ಲಿ ಕೈಯಿಂದ ಬಿಡಿಸಿ ಬಿಡಿಸಿ ಹರಡಬೇಕಾಗುತ್ತದೆ. ಇದು ಬೇಸರದ ಕೆಲಸ, ಬಿಟ್ಟರೆ ನಡೆಯುವುದಿಲ್ಲ.

ಉಷ್ಣತೆ 50ರಿಂದ 60 ಡಿಗ್ರಿಯ ನಡುವೆ ಇದ್ದರೆ ಸಾಕು. ಎಲೆ ಒದ್ದೆಯಾಗಿರುವಷ್ಟು ಹೊತ್ತು, ನೀರು ಆವಿಯಾಗುವಾಗ ಶಾಖವನ್ನು ಹೀರುವುದರಿಂದ, ಅದು ಸುತ್ತಲಿನ ಗಾಳಿಗಿಂತ ತಂಪಾಗಿಯೇ ಇರುತ್ತದೆ. ಒಣಗುತ್ತ ಬಂದಂತೆ ಈ ರಕ್ಷಣೆ ತಪ್ಪಿ ಎಲೆಯ ಬಿಸಿ ಗಾಳಿಯ ಬಿಸಿಗೆ ಸಮನಾಗುತ್ತದೆ. ಹಾಗಾಗಿ ವಿದ್ಯುತ್ ಡ್ರೈಯರ್ ಇರುವವರು ಮೊದಲಿಗೆ 60 ಡಿಗ್ರಿಯಲ್ಲಿ ತೊಡಗಿ ಕೊನೆಗೆ 50ಕ್ಕೆ ಇಳಿಸುವುದು ಸರಿಯಾದ ಕ್ರಮ. ಅನೇಕರು ಇದನ್ನು ತಿರುಗುಮುರುಗು ಮಾಡಿ, ‘ಇನ್ನೇನು ಮುಗಿಯಿತು’ ಎನ್ನುವಾಗ ಬಿಸಿ ಏರಿಸುತ್ತಾರೆ.

ಮುಗಿಯಿತೆಂದು ತಿಳಿಯುವುದು ಹೇಗೆ? ಎಲೆಯನ್ನು ಮುಟ್ಟಿ ನೋಡಬೇಡಿ, ತೊಟ್ಟನ್ನು ಮುರಿದು ನೋಡಿ. ಹರಿವೆಯ ಎಲೆ ಕೈಯಲ್ಲಿ ಪುಡಿಯಾಗುವ ಹೊತ್ತಿನಲ್ಲಿಯೂ ಅದರ ನಡುನರ ಮತ್ತು ತೊಟ್ಟು ಬಾಗುತ್ತಿರುತ್ತವೆ. ಬಾಗಿದರೆ ಒಳಗೆ ನೀರಿದೆ. ಚಟ್ ಎಂದು ಮುರಿದರೆ ಮುಗಿದಿದೆ. ತೂಕ ನೋಡುವುದು ಇದಕ್ಕಿಂತ ಖಚಿತ: ಹಸಿಯ ತೂಕ ಬರೆದಿಟ್ಟುಕೊಂಡಿದ್ದರೆ 10 ಕಿಲೋ ಸೊಪ್ಪು 1.3 ಕಿಲೋದ ಸನಿಹಕ್ಕೆ ಬಂದಿದೆಯೇ ಎಂದು ತಕ್ಕಡಿಯೇ ಹೇಳುತ್ತದೆ. ತೊಟ್ಟು ಮತ್ತು ದಂಟನ್ನು ಮೊದಲೇ ಬೇರ್ಪಡಿಸಿ ಬೇರೆ ಜಾಲರಿಯಲ್ಲಿ ಒಣಗಿಸಿದರೆ ಈ ತಾಪತ್ರಯವೇ ಇರುವುದಿಲ್ಲ. ಒಣಗಿದ ಸೊಪ್ಪು ಆರಿದ ಮೇಲೆ ಅದನ್ನು ಒಂದು ದೊಡ್ಡ ಗಾಜಿನ ಭರಣಿಯಲ್ಲಿ ಸಡಿಲವಾಗಿ ತುಂಬಿ, ಮುಚ್ಚಿ, ಒಂದು ವಾರ ಪ್ರತಿದಿನ ಅಲುಗಾಡಿಸಿ ನೋಡಬೇಕು. ಹೆಚ್ಚು ಒಣಗಿದ ಎಲೆಯೂ ಕಡಿಮೆ ಒಣಗಿದ ಎಲೆಯೂ ತೇವವನ್ನು ಹಂಚಿಕೊಂಡು ಒಂದೇ ಸಮ ಆಗುತ್ತವೆ. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದರೆ, ಎಲೆಗಳು ಒಟ್ಟಾಗಿ ಗಂಟುಕಟ್ಟಿದರೆ, ಎಲ್ಲವನ್ನೂ ಹೊರತೆಗೆದು ಮತ್ತೆ ಒಣಗಿಸಬೇಕು.

ಒಣ ಆಹಾರ ಕೆಡುವುದು ಅದರಲ್ಲಿ ಎಷ್ಟು ನೀರಿದೆ ಎಂಬುದಕ್ಕಿಂತ ಆ ನೀರು ಎಷ್ಟು ಬಿಡಿಯಾಗಿದೆ, ಅಂದರೆ ಸೂಕ್ಷ್ಮಜೀವಿಗಳ ಬಳಕೆಗೆ ಎಷ್ಟು ಸಿಗುವಂತಿದೆ ಎಂಬುದರ ಮೇಲೆ ನಿಂತಿದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿ ಡಬ್ಲ್ಯು. ಜೆ. ಸ್ಕಾಟ್ 1950ರ ದಶಕದಲ್ಲಿ ತೋರಿಸಿದರು. ನೀರಿನ ಚಟುವಟಿಕೆ ಎಂಬ ಈ ಅಳತೆ ಶುದ್ಧ ನೀರಿಗೆ 1. ಬಹುತೇಕ ಬ್ಯಾಕ್ಟೀರಿಯಾಗಳು 0.91ಕ್ಕಿಂತ ಕೆಳಗೆ ಬೆಳೆಯುವುದಿಲ್ಲ, ಬೂಸ್ಟುಗಳು 0.7ರವರೆಗೂ ಹೆಣಗುತ್ತವೆ, 0.6ಕ್ಕಿಂತ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ. ಹಾಗಾದರೆ ಒಣಗಿಸಿದಷ್ಟೂ ಒಳ್ಳೆಯದೇ ಎಂದರೆ, ಸೂಕ್ಷ್ಮಜೀವಿಗಳ ವಿಷಯದಲ್ಲಿ ಹೌದು, ಕ್ಯಾರೋಟಿನ್ ವಿಷಯದಲ್ಲಿ ಇಲ್ಲ. ಎಲೆಯ ಕಣಗಳ ಮೇಲೆ ತೆಳುವಾಗಿ ಅಂಟಿರುವ ನೀರಿನ ಪದರ ಆಮ್ಲಜನಕಕ್ಕೆ ತಡೆಯಾಗಿರುತ್ತದೆ. ನೀರಿನ ಚಟುವಟಿಕೆ 0.2ಕ್ಕಿಂತ ಕೆಳಗೆ ಇಳಿದರೆ ಆ ಪದರವೂ ಹೋಗಿ ಕೊಬ್ಬಿನ ಆಕ್ಸಿಡೀಕರಣ ಮತ್ತೆ ಏರತೊಡಗುತ್ತದೆ. ನೂರಕ್ಕೆ 5ರಿಂದ 8 ಭಾಗ ತೇವ ಎಂದು ಹೇಳುವುದಕ್ಕೆ ಇದು ಕಾರಣ. ಎಲೆ ಸುಟ್ಟಂತೆ ಆಗುವವರೆಗೆ ಒಣಗಿಸುವುದರಿಂದ ಪ್ರಯೋಜನವಿಲ್ಲ.

ಸಂಗ್ರಹಕ್ಕೆ ಬಂದೆವು. ಇಲ್ಲಿ ನಾನು ಸ್ವಲ್ಪ ಹಟ ಹಿಡಿಯುತ್ತೇನೆ, ಏಕೆಂದರೆ ಎಷ್ಟೋ ಶ್ರಮದಿಂದ ಸರಿಯಾಗಿ ಒಣಗಿಸಿದ ಸೊಪ್ಪನ್ನು ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕಿಟಕಿಯ ಪಕ್ಕದ ಗೂಡಿನಲ್ಲಿ ಇಡುವುದನ್ನು ಪದೇ ಪದೇ ನೋಡಿದ್ದೇನೆ. ಪಾಲಿಥೀನ್ ನೀರಿನ ಆವಿಯನ್ನು ಒಂದು ಮಟ್ಟಿಗೆ ತಡೆಯುತ್ತದೆ, ಆಮ್ಲಜನಕವನ್ನು ತಡೆಯುವುದರಲ್ಲಿ ಬಹಳ ದುರ್ಬಲ, ಬೆಳಕನ್ನು ತಡೆಯುವುದೇ ಇಲ್ಲ. ಅಲ್ಯೂಮಿನಿಯಂ ಪದರವಿರುವ ಪೊಟ್ಟಣ ಮೂರನ್ನೂ ತಡೆಯುತ್ತದೆ; ಬಿಗಿ ಮುಚ್ಚಳದ ತಗಡಿನ ಡಬ್ಬಿಯೂ ಹಾಗೆಯೇ; ಗಾಜಿನ ಭರಣಿಯಾದರೆ ಕತ್ತಲೆಯ ಕಪಾಟಿನಲ್ಲಿ ಇಡಬೇಕು ಅಥವಾ ಕಾಗದ ಸುತ್ತಬೇಕು. ಒಂದು ದೊಡ್ಡ ಡಬ್ಬಿಗಿಂತ ಹತ್ತು ಸಣ್ಣ ಡಬ್ಬಿಗಳು ಮೇಲು, ಏಕೆಂದರೆ ದೊಡ್ಡ ಡಬ್ಬಿಯನ್ನು ಪ್ರತಿಸಲ ತೆರೆದಾಗಲೂ ಕೊನೆಯಲ್ಲಿ ಉಣ್ಣುವ ಸೊಪ್ಪಿಗೂ ಹೊಸ ಗಾಳಿ, ಹೊಸ ತೇವ ಸಿಗುತ್ತದೆ. ಅಂಚಿನವರೆಗೆ ಒತ್ತಿ ತುಂಬಿದ ಡಬ್ಬಿಯಲ್ಲಿ ಗಾಳಿಗೆ ಜಾಗ ಕಡಿಮೆ. ಉಷ್ಣತೆ 10 ಡಿಗ್ರಿ ಏರಿದರೆ ಕೆಡುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಸ್ಥೂಲ ನಿಯಮವನ್ನು ನೆನಪಿಟ್ಟುಕೊಂಡರೆ, ಒಲೆಯ ಮೇಲಿನ ಅಟ್ಟ ಮತ್ತು ತಗಡಿನ ಚಾವಣಿಯ ಕೆಳಗಿನ ಗೂಡು ಏಕೆ ಒಳ್ಳೆಯ ಜಾಗಗಳಲ್ಲ ಎಂಬುದು ತಿಳಿಯುತ್ತದೆ.

ಪುಡಿಮಾಡಿ ಇಡುವುದು ಈಗ ಹೆಚ್ಚು ರೂಢಿಯಲ್ಲಿದೆ, ಜಾಗವೂ ಉಳಿಯುತ್ತದೆ. ಆದರೆ ಪುಡಿಮಾಡಿದ ಕೂಡಲೇ ಗಾಳಿಗೆ ತೆರೆದುಕೊಳ್ಳುವ ಮೇಲ್ಮೈ ಎಷ್ಟೋ ಪಟ್ಟು ಹೆಚ್ಚುತ್ತದೆ, ಮಿಕ್ಸಿಯ ಬಿಸಿಯೂ ಸೇರುತ್ತದೆ. ಇಡಿ ಎಲೆಯಾಗಿ ಇಟ್ಟುಕೊಂಡು, ಕೆಲವು ವಾರಗಳಿಗೆ ಬೇಕಾಗುವಷ್ಟನ್ನು ಮಾತ್ರ ಪುಡಿಮಾಡಿಕೊಳ್ಳುವುದು ನನ್ನ ಸಲಹೆ.

ಒಣ ಸೊಪ್ಪಿನ ಡಬ್ಬಿಯನ್ನು ತೆರೆದಾಗ ಒಣಹುಲ್ಲಿನ ವಾಸನೆಯ ಜೊತೆ ಕೆಲವೊಮ್ಮೆ ವಯೊಲೆಟ್ ಎಂಬ ಹೂವಿನದನ್ನು ಹೋಲುವ ಒಂದು ಸಣ್ಣ ಸುವಾಸನೆ ಬರುವುದುಂಟು. ಅದು ಬೀಟಾ ಅಯೋನೋನ್, ಬೀಟಾ ಕ್ಯಾರೋಟಿನ್ನಿನ ಸರಪಳಿ ಮುರಿದಾಗ ಹುಟ್ಟುವ ತುಣುಕು. ಬಣ್ಣ ಕೈಕೊಡುವಷ್ಟು ವಾಸನೆ ಕೈಕೊಡುವುದಿಲ್ಲ. ಹಸಿರು ಉಳಿದಿರುವ ಸೊಪ್ಪಿನಲ್ಲಿ ಕ್ಯಾರೋಟಿನ್ ಕಡಿಮೆಯಾಗಿರಬಹುದು, ಕಂದಾದ ಸೊಪ್ಪಿನಲ್ಲಿ ಉಳಿದಿರಲೂಬಹುದು. ಘಾಟು ಹಿಡಿದ ಅಥವಾ ಹೂವಿನ ವಾಸನೆ ಬರುವ ಡಬ್ಬಿಯಲ್ಲಿ ಆಕ್ಸಿಡೀಕರಣ ಮುಂದುವರಿದಿದೆ ಎಂಬುದರಲ್ಲಿ ಅನುಮಾನವಿಲ್ಲ. ಬೂಸ್ಟಿನ ಮುಗ್ಗಲು ವಾಸನೆ ಬಂದರಂತೂ ತೊಳೆದು ಬಳಸುವ ಪ್ರಯತ್ನ ಬೇಡ, ಎಸೆಯಬೇಕು. ಕೆಲವು ಬೂಸ್ಟುಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ಕಂದು ಬಣ್ಣದ ಸಣ್ಣ ಜೀರುಂಡೆಗಳು ಒಣ ಎಲೆಯ ಖಾಯಂ ಅತಿಥಿಗಳು. ಡಬ್ಬಿಗೆ ತುಂಬುವ ಮುನ್ನ ಪೊಟ್ಟಣ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟರೆ ಅವುಗಳ ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಪೊಟ್ಟಣ ಕೋಣೆಯ ಬಿಸಿಗೆ ಬರುವವರೆಗೆ ತೆರೆಯಬಾರದು, ತೆರೆದರೆ ತಣ್ಣಗಿನ ಎಲೆಯ ಮೇಲೆ ಗಾಳಿಯ ತೇವ ಕೂರುತ್ತದೆ.

ಉಳಿಸಿದ್ದು ದೇಹಕ್ಕೆ ಹತ್ತುತ್ತದೆಯೇ ಎಂಬ ಪ್ರಶ್ನೆ ಬೇರೆಯೇ. ಇಂಡೋನೇಷ್ಯಾದಲ್ಲಿ ಹಾಲೂಡುವ ತಾಯಂದಿರ ನಡುವೆ ನಡೆದ ಅಧ್ಯಯನವೊಂದು, ಗಾಢ ಹಸಿರು ಸೊಪ್ಪನ್ನು ಹೆಚ್ಚು ತಿಂದರೂ ವಿಟಮಿನ್ ಎ ಮಟ್ಟ ನಿರೀಕ್ಷೆಯಂತೆ ಏರಲಿಲ್ಲವೆಂದು 1995ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದಾಗ ಪೋಷಣಾ ವಿಜ್ಞಾನಿಗಳ ವಲಯದಲ್ಲಿ ಸಾಕಷ್ಟು ಕೋಲಾಹಲವಾಯಿತು. ಆಹಾರದಲ್ಲಿನ 6 ಮೈಕ್ರೋಗ್ರಾಂ ಬೀಟಾ ಕ್ಯಾರೋಟಿನ್ 1 ಮೈಕ್ರೋಗ್ರಾಂ ರೆಟಿನಾಲಿಗೆ, ಅಂದರೆ ಸಿದ್ಧ ರೂಪದ ವಿಟಮಿನ್ ಎಗೆ, ಸಮ ಎಂಬ ಹಳೆಯ ಲೆಕ್ಕವನ್ನು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2001ರಲ್ಲಿ 12 ಮೈಕ್ರೋಗ್ರಾಮಿಗೆ ತಿದ್ದಿತು. ಎಲೆಯೊಳಗಿನ ಕ್ಯಾರೋಟಿನ್ ಪ್ರೋಟೀನುಗಳ ಜೊತೆ ಬಿಗಿಯಾಗಿ ಕೂಡಿಕೊಂಡಿರುತ್ತದೆ. ಚೆನ್ನಾಗಿ ಬೇಯಿಸುವುದು, ಸಣ್ಣಗೆ ಅರೆಯುವುದು ಮತ್ತು ಮುಖ್ಯವಾಗಿ ಅದೇ ಊಟದಲ್ಲಿ ಒಂದಿಷ್ಟು ಎಣ್ಣೆ ಇರುವುದು ಅದನ್ನು ಬಿಡಿಸಿಕೊಳ್ಳಲು ಬೇಕು. ಕ್ಯಾಲ್ಸಿಯಂ ವಿಷಯದಲ್ಲೂ ಪ್ರಮಾಣವೊಂದನ್ನೇ ನೋಡಿದರೆ ಮೋಸಹೋಗುತ್ತೇವೆ: 1988ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಆಕ್ಸಲೇಟ್ ತುಂಬಿದ ಪಾಲಕ್ ಸೊಪ್ಪಿನ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಸುಮಾರು 5 ಭಾಗ ಮಾತ್ರ ದೇಹಕ್ಕೆ ಸೇರಿತು, ಹಾಲಿನದರಲ್ಲಿ ಸುಮಾರು 28 ಭಾಗ. ಹರಿವೆಯಲ್ಲಿಯೂ ಆಕ್ಸಲೇಟ್ ಹೆಚ್ಚು. ಒಣ ಸೊಪ್ಪನ್ನು ನೆನೆಸಿದ ನೀರನ್ನು ಚೆಲ್ಲಬೇಕೇ ಬಿಡಬೇಕೇ ಎಂಬುದೂ ಇದನ್ನೇ ಅವಲಂಬಿಸಿದೆ. ನುಗ್ಗೆಯದನ್ನು ಅಡುಗೆಗೆ ಸೇರಿಸಿ, ಬ್ಲಾಂಚ್ ಮಾಡದೆ ಒಣಗಿಸಿದ ಹರಿವೆಯದನ್ನು ಚೆಲ್ಲಿ.

ಉಪನ್ಯಾಸದ ಅನಂತರ ಸಭಿಕರೊಬ್ಬರು, ಮನೆಯಲ್ಲಿ ಹೋದ ವರ್ಷದ ಒಣ ಸೊಪ್ಪು ಎರಡು ಡಬ್ಬಿ ಉಳಿದಿದೆ, ಏನು ಮಾಡಬೇಕು ಎಂದು ಕೇಳಿದರು. ಬೂಸ್ಟು ಮತ್ತು ಹುಳು ಇಲ್ಲದಿದ್ದರೆ, ಘಾಟು ವಾಸನೆ ಇಲ್ಲದಿದ್ದರೆ ಅದನ್ನು ತಿನ್ನಬಹುದು; ಅದರಲ್ಲಿ ನಾರು, ಪ್ರೋಟೀನು, ಖನಿಜಾಂಶ ಇದ್ದೇ ಇವೆ, ವಿಟಮಿನ್ ಎ ಸಿಗುತ್ತದೆಂದು ಮಾತ್ರ ಲೆಕ್ಕ ಹಾಕಬೇಡಿ ಎಂದು ಹೇಳಿದೆ. ಮನೆಯಲ್ಲಿ ಸಣ್ಣ ಮಕ್ಕಳೋ ಬಸುರಿಯೋ ಇದ್ದರೆ ಅವರ ಪಾಲಿಗೆ ಈ ವರ್ಷದ ಡಬ್ಬಿಯನ್ನು ತೆರೆದು, ಹಳೆಯದನ್ನು ಉಳಿದವರು ಮುಗಿಸುವುದು ಸರಿ. ಡಬ್ಬಿಯ ಮೇಲೆ ಒಣಗಿಸಿದ ತಿಂಗಳನ್ನು ಬರೆದಿರದಿದ್ದರೆ ಯಾವುದು ಯಾವುದೆಂದು ಗುರುತಿಸುವುದು ಕಷ್ಟ ಎಂದು ಅವರೇ ಹೇಳಿದರು; ಇನ್ನು ಮುಂದೆ ಬರೆದಿಡಬೇಕೆಂಬುದರಲ್ಲಿ ನಮ್ಮಿಬ್ಬರದೂ ಒಂದೇ ಅಭಿಪ್ರಾಯವಾಯಿತು.